ಲೈಸೆನ್ಸ್ ಉಂಟು, ಹಾರಲು ಅರ್ಹತೆ ಉಂಟೇ?

"ಅಮೆರಿಕದ ಲೈಸೆನ್ಸ್ ಇನ್ನೂ ಉಂಟಾ ಮಾರಾಯ್ರೇ, ಅಲ್ಲ ಮುಗಿಯಿತಾ?" ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುವಾಗ, ಉಜಿರೆಯಲ್ಲಿ ಮದುವೆ ಊಟಕ್ಕೆ ಕೂತಾಗ ಪರಿಚಯದವರು ಕೇಳುವುದು ಇದನ್ನೇ. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾಗ ಸಣ್ಣ ವಿಮಾನ ಹಾರಿಸಲು ಕಲಿತು ಖಾಸಗಿ ಪೈಲಟ್ ಲೈಸೆನ್ಸ್ ಪಡೆದೆ. ಈಗ ಬೆಳ್ತಂಗಡಿ ತಾಲೂಕಿನಲ್ಲಿ ಮನೆಯ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮಕ್ಕಳನ್ನು ಪೈಲಟ್ ತರಬೇತಿಗೆ ವಿದೇಶಕ್ಕೆ ಕಳಿಸಲು ಹೊರಟ ಬಂಟ್ವಾಳ, ಮೂಡುಬಿದಿರೆಯ ತಂದೆತಾಯಿಯರೂ ವಿಚಾರಿಸುವುದರಿಂದ ಇದನ್ನು ಬಿಡಿಸಿ ಹೇಳುವುದು ಒಳ್ಳೆಯದು.

ನಮ್ಮ ಡ್ರೈವಿಂಗ್ ಲೈಸೆನ್ಸಿನ ಮೇಲೆ ಮುಗಿಯುವ ತಾರೀಕು ಇರುತ್ತದೆ. ಅಲ್ಲಿಯವರೆಗೆ ಯಾರೂ ಕೇಳುವುದಿಲ್ಲ. ಅಮೆರಿಕದ ಪೈಲಟ್ ಲೈಸೆನ್ಸ್ ಇದಕ್ಕೆ ತದ್ವಿರುದ್ಧ. ಅಲ್ಲಿನ ವಾಯುಯಾನ ಆಡಳಿತವಾದ ಎಫ್‌ಎಎ ಕೊಡುವ ಕಾರ್ಡಿಗೆ ಅವಧಿಯೇ ಇಲ್ಲ. ಆದರೆ ಆ ಕಾರ್ಡ್ ಹಿಡಿದು ಹಾರಬೇಕಾದರೆ ಬೇರೆ ಕೆಲವು ಸಂಗತಿಗಳು ಚಾಲ್ತಿಯಲ್ಲಿರಬೇಕು.

ಮೊದಲನೆಯದು ಹಾರಾಟದ ಮರುಪರಿಶೀಲನೆ. ಅಲ್ಲಿನ ಮಾನ್ಯತೆ ಪಡೆದ ಶಿಕ್ಷಕರ ಜೊತೆ ಕನಿಷ್ಠ ಒಂದು ಗಂಟೆ ನಿಯಮಗಳ ಪಾಠ, ಒಂದು ಗಂಟೆ ಹಾರಾಟ. ಅವರು ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದರೆ 24 ತಿಂಗಳು ನಿಶ್ಚಿಂತೆ. ಲೆಕ್ಕ ತಿಂಗಳ ಕೊನೆಯವರೆಗೆ: 2024ರ ಮೇ 10ರಂದು ಮಾಡಿಸಿದ್ದರೆ 2026ರ ಮೇ 31ರವರೆಗೆ ನಡೆಯುತ್ತದೆ. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಬಾರಿ ಏರಿ ಇಳಿದಿರಬೇಕು.

ಎರಡನೆಯದು ವೈದ್ಯಕೀಯ ಪ್ರಮಾಣಪತ್ರ. ಖಾಸಗಿ ಪೈಲಟ್‌ಗೆ 40 ವರ್ಷದೊಳಗೆ ಮಾಡಿಸಿದ ಪರೀಕ್ಷೆ 60 ತಿಂಗಳು, ಆಮೇಲಿನದು 24 ತಿಂಗಳು ಸಲ್ಲುತ್ತದೆ. ಎಫ್‌ಎಎ ಒಪ್ಪಿದ ವೈದ್ಯರು ಅಮೆರಿಕದ ಹೊರಗೂ ಇದ್ದಾರೆ. ಎಲ್ಲ ವೈದ್ಯರಿಗೂ ಆ ಅಧಿಕಾರವಿಲ್ಲ.

ಮೂರನೆಯದು ವಿಳಾಸ. ಮನೆ ಬದಲಾದರೆ 30 ದಿನಗಳೊಳಗೆ ತಿಳಿಸಬೇಕು. ತಿಳಿಸದಿದ್ದರೆ ಆಮೇಲೆ ಹಾರುವಂತಿಲ್ಲ. 2025ರಿಂದ ಇನ್ನೊಂದು ನಿಯಮ ಸೇರಿದೆ: ವಿದೇಶಿ ವಿಳಾಸ ಮಾತ್ರ ಇರುವವರು ತಮ್ಮ ಪರವಾಗಿ ಸರಕಾರಿ ಪತ್ರ ಪಡೆಯುವ ಪ್ರತಿನಿಧಿಯೊಬ್ಬರನ್ನು ಅಮೆರಿಕದಲ್ಲೇ ಗೊತ್ತುಮಾಡಬೇಕು.

"ಹಾಗಾದರೆ ಜಕ್ಕೂರಿನಲ್ಲಿ ಹಾರಿಸಬಹುದಲ್ಲ?" ಎನ್ನುತ್ತಾರೆ. ಬೆಂಗಳೂರಿನ ಜಕ್ಕೂರಿನಲ್ಲಿ ನಮ್ಮ ಸರಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ನಿಜ. ಆದರೆ 1944ರ ಷಿಕಾಗೋ ಒಪ್ಪಂದದ ಪ್ರಕಾರ ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಅಥವಾ ಮಾನ್ಯ ಮಾಡಿದ ಲೈಸೆನ್ಸ್ ಪೈಲಟ್ ಬಳಿ ಇರಬೇಕು. ಜಕ್ಕೂರಿನ ವಿಮಾನದ ಮೇಲಿರುವುದು ಭಾರತದ ನೋಂದಣಿ ಗುರುತು 'ವಿಟಿ'. ಅಮೆರಿಕದ ಕಾರ್ಡ್ ಒಂದೇ ಇದ್ದರೆ ಅದಕ್ಕೆ ಸಾಲದು.

ಉದ್ಯೋಗಕ್ಕಾಗಿ ಕಲಿಯುವ ಮಕ್ಕಳಿಗೆ ಇದೇ ದೊಡ್ಡ ಪಾಠ. ವಿದೇಶದ ವಾಣಿಜ್ಯ ಪೈಲಟ್ ಲೈಸೆನ್ಸನ್ನು ನಮ್ಮ ವಾಯುಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯಿಂದ ಭಾರತದ ಲೈಸೆನ್ಸಾಗಿ ಪರಿವರ್ತಿಸಿಕೊಳ್ಳಬೇಕು. ಅದಕ್ಕೆ ಇಲ್ಲಿನ ಪರೀಕ್ಷೆಗಳನ್ನು ಪಾಸು ಮಾಡಬೇಕು, ಇಲ್ಲಿನ ವೈದ್ಯಕೀಯ ಪ್ರಮಾಣಪತ್ರ ಬೇಕು. ವಿದೇಶಿ ಲೈಸೆನ್ಸೂ ಚಾಲ್ತಿಯಲ್ಲಿರಬೇಕು. ಊರಿಗೆ ಬಂದು ಪರೀಕ್ಷೆ ಬರೆಯುತ್ತ ಕೂತಾಗ ಆ ಕಡೆಯ ಅವಧಿ ಸದ್ದಿಲ್ಲದೆ ಮುಗಿದರೆ, ಖರ್ಚು ಮಾಡಿ ಮತ್ತೆ ಅಲ್ಲಿಗೇ ಹೋಗಬೇಕಾದೀತು. ಭಾರತದ ವಾಣಿಜ್ಯ ಲೈಸೆನ್ಸಿನ ಅವಧಿಯನ್ನು 2023ರ ಅಕ್ಟೋಬರಿನಲ್ಲಿ 5ರಿಂದ 10 ವರ್ಷಕ್ಕೆ ಏರಿಸಿದ್ದಾರೆ. ವೈದ್ಯಕೀಯ ಪರೀಕ್ಷೆ ಮಾತ್ರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಆಗಲೇಬೇಕು.

ಇಷ್ಟೆಲ್ಲ ಕಟ್ಟುಪಾಡು ಯಾಕೆ ಎನ್ನುವವರಿಗೆ ನಾನು ಬಜ್ಪೆ ವಿಮಾನ ನಿಲ್ದಾಣವನ್ನು ನೆನಪಿಸುತ್ತೇನೆ. 2010ರ ಮೇ 22ರಂದು ಆ ಗುಡ್ಡದ ಮೇಲಿನ ರನ್‌ವೇ ದಾಟಿ ಹೋದ ವಿಮಾನದಲ್ಲಿ 158 ಮಂದಿ ತೀರಿಕೊಂಡರು. ಲೈಸೆನ್ಸ್ ನವೀಕರಣಕ್ಕೂ ಆ ದುರಂತಕ್ಕೂ ಸಂಬಂಧವಿಲ್ಲ. ಆದರೆ ಇಳಿಯುವಾಗಿನ ಕೆಲವೇ ಕ್ಷಣಗಳ ತೀರ್ಮಾನಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತು. ಅಡ್ಡಗಾಳಿಗೆ ವಿಮಾನವನ್ನು ನೇರ ಹಿಡಿಯುವ ಅಭ್ಯಾಸ ಬಿಟ್ಟರೆ ಕೈ ಮರೆಯುತ್ತದೆ. ಆ ಮರೆವನ್ನು ನೆಲದ ಹತ್ತಿರ ಕಂಡುಕೊಳ್ಳುವ ಬದಲು ಶಿಕ್ಷಕರ ಪಕ್ಕದಲ್ಲಿ ಕೂತು ಕಂಡುಕೊಳ್ಳಲಿ ಎಂಬುದೇ ಈ ನಿಯಮಗಳ ಉದ್ದೇಶ.

ಆದ್ದರಿಂದ ಮಕ್ಕಳನ್ನು ಕಳಿಸುವ ತಂದೆತಾಯಿಯರಲ್ಲಿ ನನ್ನ ವಿನಂತಿ: ತರಬೇತಿಯ ಶುಲ್ಕ ಕೇಳುವಾಗಲೇ ಪರಿವರ್ತನೆಯ ನಿಯಮವನ್ನೂ ಡಿಜಿಸಿಎ ಜಾಲತಾಣದಲ್ಲಿ ಓದಿ. ವೈದ್ಯಕೀಯ ಪರೀಕ್ಷೆಯ, ಮರುಪರಿಶೀಲನೆಯ ಕೊನೆಯ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅವು ಮುಗಿಯುವ ಮೊದಲೇ ಪರಿವರ್ತನೆಗೆ ಅರ್ಜಿ ಹಾಕಿಸಿ.