ಪೆಡಲಿನ ಮೇಲೆ ಪಾದ ನಿಲ್ಲುವುದು ಹೇಗೆ?



ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಕಾಲಿನಲ್ಲಿ ಚಪ್ಪಲಿ ಇದೆಯೋ ಬೂಟು ಇದೆಯೋ ಎಂದು ನೀವು ಅಷ್ಟಾಗಿ ಯೋಚಿಸುವುದಿಲ್ಲ. ಆದರೆ ಕಲ್ಲು, ಬೇರು, ಕೊರಕಲುಗಳಿರುವ ಬೆಟ್ಟದ ಇಳಿಜಾರಿನಲ್ಲಿ ಮೌಂಟನ್ ಬೈಕ್ ಓಡಿಸುವವರಿಗೆ ಅದು ಮುಖ್ಯ ಪ್ರಶ್ನೆ. ಅಡ್ಡ ಬಂದ ಪ್ರತಿ ಕಲ್ಲೂ ಚಕ್ರವನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ. ಆ ಏಟಿಗೆ ಪಾದ ಜಾರಿದರೆ ಸವಾರನ ಹಿಡಿತ ತಪ್ಪುತ್ತದೆ. ಗಿರ್ರನೆ ತಿರುಗಿ ಬಂದ ಪೆಡಲು ಮೊಣಕಾಲಿನ ಕೆಳಗಿನ ಮೂಳೆಗೆ ಬಡಿದು ಗಾಯ ಮಾಡುತ್ತದೆ.

ಈ ಬೈಕುಗಳಿಗೆ ಎರಡು ಬಗೆಯ ಪೆಡಲುಗಳುಂಟು. ಒಂದರಲ್ಲಿ, ಬೂಟಿನ ತಳದ ಲೋಹದ ತುಂಡು ಪೆಡಲಿನೊಳಗೆ ಕಚ್ಚಿಕೊಂಡು ಪಾದವನ್ನು ಬಂಧಿಸುತ್ತದೆ. ಜಪಾನಿನ ಶಿಮಾನೊ ಸಂಸ್ಥೆ ೧೯೯೦ರಲ್ಲಿ ಇಂತಹ ಪೆಡಲನ್ನು ಮೌಂಟನ್ ಬೈಕಿಗೆಂದು ತಂದಿತು. ಇನ್ನೊಂದು ಚಪ್ಪಟೆ ಪೆಡಲು. ಇದರ ಮೇಲೆ ಸಣ್ಣ ಲೋಹದ ಮೊಳೆಗಳಿರುತ್ತವೆ. ಪಾದವನ್ನು ಕಟ್ಟಿಹಾಕುವ ವ್ಯವಸ್ಥೆ ಯಾವುದೂ ಇಲ್ಲ. ಇಲ್ಲಿ ಪಾದವನ್ನು ನಿಲ್ಲಿಸುವುದು ಘರ್ಷಣೆ ಮತ್ತು ಸವಾರನ ಭಂಗಿ, ಇವೆರಡೇ.

ಮೊದಲು ಘರ್ಷಣೆಯನ್ನು ನೋಡೋಣ. ಚಪ್ಪಟೆ ಪೆಡಲಿಗಾಗಿ ಮಾಡಿದ ಬೂಟಿನ ಅಟ್ಟೆ ಮೆತ್ತನೆಯ ರಬ್ಬರಿನದು. ದೇಹದ ಭಾರಕ್ಕೆ ಮೊಳೆಗಳು ಅದರೊಳಗೆ ತುಸು ಹೂತುಕೊಳ್ಳುತ್ತವೆ. ಒತ್ತಿದ ರಬ್ಬರು ಚೆಂಡಿನಂತೆ ಥಟ್ಟನೆ ಪುಟಿಯದೆ ನಿಧಾನವಾಗಿ ಮೊದಲಿನ ಆಕಾರಕ್ಕೆ ಬರುತ್ತದೆ. ಆದ್ದರಿಂದ ಕಲ್ಲಿನ ಏಟಿಗೆ ಪಾದ ಮೇಲಕ್ಕೆ ಎಗರುವುದು ಕಡಿಮೆ. ಈ ವಿದ್ಯೆ ಬಂದದ್ದು ಬಂಡೆ ಹತ್ತುವವರಿಂದ. ೧೯೮೫ರಲ್ಲಿ ಅಮೆರಿಕದ ಚಾರ್ಲ್ಸ್ ಕೋಲ್ ಸ್ಥಾಪಿಸಿದ ಫೈವ್ ಟೆನ್ ಸಂಸ್ಥೆ ಬಂಡೆ ಹತ್ತುವ ಬೂಟಿಗೆ ಅಂಟುಗುಣದ ರಬ್ಬರನ್ನು ಬಳಸಿತು. ಮುಂದೆ ಅದೇ ರಬ್ಬರು ಸೈಕಲ್ ಬೂಟಿಗೂ ಬಂತು.

ಹಾಗಾದರೆ ಓಟದ ಬೂಟು ಸಾಲದೆ? ಅದರ ದಪ್ಪ ಮೆತ್ತೆಯಲ್ಲಿ ಪಾದ ಅಲುಗಾಡುತ್ತದೆ, ಪೆಡಲು ಎಲ್ಲಿದೆಯೆಂಬುದು ಸ್ಪಷ್ಟವಾಗಿ ತಿಳಿಯುವುದಿಲ್ಲ. ಚಾರಣದ ಬೂಟಿನ ಎತ್ತರದ ಉಬ್ಬುಗಳು ಮೊಳೆಗಳಿಗೆ ಸರಿಯಾಗಿ ಸಿಕ್ಕುವುದಿಲ್ಲ. ತೀರ ಮೆದುವಾದ ಅಟ್ಟೆ ಪೆಡಲಿನ ಸುತ್ತ ಬಾಗಿ ಅಂಗಾಲನ್ನು ದಣಿಸುತ್ತದೆ. ತೀರ ಬಿರುಸಾದದ್ದು ನೆಲದ ಸುದ್ದಿಯನ್ನು ಪಾದಕ್ಕೆ ಮುಟ್ಟಿಸುವುದಿಲ್ಲ. ಒಳ್ಳೆಯ ಬೂಟು ಇವೆರಡರ ನಡುವಿನದು. ಜಾರುವ ಬೂಟು ತೊಟ್ಟವರು ಭಯದಿಂದ ಕಾಲನ್ನು ಬಿಗಿಹಿಡಿಯುತ್ತಾರೆ. ಬಿಗಿದ ಮೊಣಕಾಲು ಏಟನ್ನು ಹೀರಿಕೊಳ್ಳಲಾರದು. ಆಗ ಪಾದ ಇನ್ನಷ್ಟು ಜಾರುತ್ತದೆ.

ಇನ್ನು ಭಂಗಿ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು, ಎರಡು ಪೆಡಲುಗಳನ್ನೂ ಒಂದೇ ಮಟ್ಟದಲ್ಲಿಟ್ಟು, ಮೊಣಕಾಲನ್ನು ಸಡಿಲವಾಗಿ ಬಾಗಿಸಿ ನಿಲ್ಲಬೇಕು. ದೇಹದ ಭಾರ ಕೈಗಳ ಮೇಲೆ ಬೀಳದೆ ಪಾದಗಳ ಮೇಲೆ ಇರಬೇಕು. ಪೆಡಲಿನ ಅಚ್ಚು ಬೆರಳುಗಳ ಬುಡಕ್ಕಿಂತ ತುಸು ಹಿಂದೆ ಬಂದರೆ ಹಿಮ್ಮಡಿಯನ್ನು ಇಳಿಸುವುದು ಸುಲಭ. ಹಿಮ್ಮಡಿ ಇಳಿದಾಗ ಪೆಡಲೂ ಹಿಂದಕ್ಕೆ ವಾಲುತ್ತದೆ. ಕಲ್ಲಿಗೆ ಬಡಿದು ಬೈಕಿನ ವೇಗ ತಗ್ಗಿದಾಗ ಸವಾರನ ದೇಹ ಮುಂದಕ್ಕೆ ಹೋಗಲು ನೋಡುತ್ತದಷ್ಟೆ. ಆ ಒತ್ತಡವೇ ಪಾದವನ್ನು ಪೆಡಲಿಗೆ ಅದುಮುತ್ತದೆ. ಒತ್ತಡ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚುತ್ತದೆಂದು ನೀವು ಭೌತಶಾಸ್ತ್ರದಲ್ಲಿ ಓದಿರುವಿರಿ. ಬೆರಳು ಕೆಳಮುಖವಾಗಿದ್ದರೆ ಇದೇ ಬಲ ಪಾದವನ್ನು ಮುಂದಕ್ಕೆ ಜಾರಿಸುತ್ತದೆ.

ಬೈಕನ್ನು ನೆಲದಿಂದ ಎಗರಿಸುವಾಗ ಕ್ರಮ ಬೇರೆ. ಕುಗ್ಗಿ, ಭಾರವನ್ನು ಹಿಂದಕ್ಕೆ ತಂದು ಮುಂದಿನ ಚಕ್ರವನ್ನು ಎತ್ತಬೇಕು. ನಂತರ ಮೇಲಕ್ಕೆ ನೆಗೆದು, ಬೆರಳನ್ನು ಕೆಳಗೆ ಮಾಡಿ ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಚಕ್ರ ಏಳುತ್ತದೆ. ಪಾದ ಬಂಧಿಸಿದ ಪೆಡಲಿನಲ್ಲಾದರೋ ಬೈಕನ್ನು ಕಾಲಿನಿಂದಲೇ ಎಳೆದುಬಿಡಬಹುದು. ಚಲನೆ ತಪ್ಪಿದ್ದರೂ ಗೊತ್ತಾಗುವುದಿಲ್ಲ. ಚಪ್ಪಟೆ ಪೆಡಲಿನಲ್ಲಿ ತಪ್ಪು ಆ ಕ್ಷಣವೇ ತಿಳಿಯುತ್ತದೆ. ಕಲಿಯುವವರಿಗೆ ಅನೇಕ ತರಬೇತುದಾರರು ಇದನ್ನೇ ಸೂಚಿಸುವುದು ಈ ಕಾರಣಕ್ಕೆ.

ಇದು ಕಲಿಯುವವರಿಗೆ ಮಾತ್ರ ಎಂದುಕೊಳ್ಳಬೇಡಿ. ಆಸ್ಟ್ರೇಲಿಯದ ಸ್ಯಾಮ್ ಹಿಲ್ ಚಪ್ಪಟೆ ಪೆಡಲಿನಲ್ಲೇ ೨೦೦೬, ೨೦೦೭ ಮತ್ತು ೨೦೧೦ರಲ್ಲಿ ಇಳಿಜಾರು ಸ್ಪರ್ಧೆಯ ವಿಶ್ವ ಚಾಂಪಿಯನ್ ಆದರು. ೨೦೧೭ರಿಂದ ೨೦೧೯ರವರೆಗೆ ಸತತ ಮೂರು ವರ್ಷ ಎಂಡ್ಯುರೋ ವರ್ಲ್ಡ್ ಸೀರೀಸ್ ಪ್ರಶಸ್ತಿಯನ್ನೂ ಗೆದ್ದರು. ಆಗ ಅವರ ಎದುರಾಳಿಗಳಲ್ಲಿ ಹೆಚ್ಚಿನವರು ಪಾದ ಬಂಧಿಸುವ ಪೆಡಲು ಬಳಸುತ್ತಿದ್ದರು.

ಒಂದು ಎಚ್ಚರಿಕೆಯ ಮಾತು. ಬಹಳ ಹಿಡಿತದ ಬೂಟಿನಲ್ಲಿ ಪಾದ ಇಟ್ಟಲ್ಲೇ ಕಚ್ಚಿಕೊಳ್ಳುತ್ತದೆ. ಜಾಗ ಬದಲಿಸಬೇಕಾದರೆ ಪಾದವನ್ನು ಎತ್ತಿಯೇ ಇಡಬೇಕು. ಆದ್ದರಿಂದ ಇಳಿಜಾರು ಬರುವ ಮುಂಚೆಯೇ ಪಾದವನ್ನು ಸರಿಯಾಗಿ ಇರಿಸಿಕೊಳ್ಳಿ. ಹುಲ್ಲಿನ ಮೈದಾನದಲ್ಲಿ, ಹೆಲ್ಮೆಟ್ ಮತ್ತು ಕಾಲಿನ ರಕ್ಷಾಕವಚ ತೊಟ್ಟು, ನೆಲದ ಮೇಲಿಟ್ಟ ತೆಳುವಾದ ಕೋಲನ್ನು ದಾಟುವುದರಿಂದ ಅಭ್ಯಾಸ ಆರಂಭಿಸಿ. ಪಾದ ಜಾರಿದರೆ ಮೊದಲು ಹಿಮ್ಮಡಿ ಎಲ್ಲಿತ್ತೆಂದು ನೋಡಿಕೊಳ್ಳಿ. ಅಟ್ಟೆ ಸವೆದಿದೆಯೇ ಎಂಬುದನ್ನು ಆಮೇಲೆ ನೋಡಿ.