ಒಂಬತ್ತಕ್ಕೆ ಸಿಗದ ತಪ್ಪು

ರಜೆಗೆ ಕುಲಗೋಡಕ್ಕೆ ಬಂದಾಗ ತಂಗಿಗೆ ಶಕುಂತಲಾದೇವಿಯವರ ಲೆಕ್ಕ ತೋರಿಸಲು ಕುಳಿತೆ. ಬೆಂಗಳೂರಿನಲ್ಲಿ ಹುಟ್ಟಿದ ಅವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7,686,369,774,870 ಅನ್ನು 2,465,099,745,779ರಿಂದ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದ್ದರು: 18,947,668,177,995,426,462,773,730. ಒಟ್ಟು 26 ಅಂಕಿ. ನನ್ನ ಮೊಬೈಲಿನ ಕ್ಯಾಲ್ಕುಲೇಟರ್ ಮೊದಲ ಕೆಲವು ಅಂಕಿ ತೋರಿಸಿ ಉಳಿದದ್ದನ್ನು ನುಂಗಿಬಿಟ್ಟಿತು.

‘ಇದು ಖರೇ ಅಂತ ಹೆಂಗ ನಂಬೋದು ಅಣ್ಣಾ?’ ಅಂದಳು.

ಗುಣಾಕಾರ ಮಾಡದೆಯೂ ಪರೀಕ್ಷಿಸಬಹುದು. 10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ ಉಳಿಯುವುದು 1. ಹಾಗಾಗಿ ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಬರುವ ಶೇಷವೂ ಅದರ ಅಂಕಿಗಳ ಮೊತ್ತದ ಶೇಷವೂ ಒಂದೇ. ಮೊದಲ ಸಂಖ್ಯೆಯ ಮೊತ್ತ 78, ಶೇಷ 6. ಎರಡನೆಯದರದು 74, ಶೇಷ 2. ಆರೆರಡ್ಲಿ ಹನ್ನೆರಡು, ಶೇಷ 3. ಉತ್ತರದ ಅಂಕಿಗಳನ್ನು ಕೂಡಿದರೆ 138. ಅದರ ಶೇಷವೂ 3. ಹೊಂದಿತು.

ಹುಮ್ಮಸ್ಸಿನಲ್ಲಿ 11ರ ಪರೀಕ್ಷೆಗೂ ಇಳಿದೆ. ಇಲ್ಲಿ ಬಲದಿಂದ ಒಂದು ಬಿಟ್ಟು ಒಂದು ಅಂಕಿ ಕೂಡಬೇಕು, ಬಿಟ್ಟವನ್ನು ಬೇರೆ ಕೂಡಬೇಕು. ಎರಡನೇ ಸಂಖ್ಯೆಯಲ್ಲಿ ಬಂದದ್ದು 37 ಮತ್ತು 37. ವ್ಯತ್ಯಾಸ ಸೊನ್ನೆ, ಅಂದರೆ ಅದು 11ರಿಂದ ಭಾಗವಾಗುತ್ತದೆ. ಹಾಗಾದರೆ ಮೊದಲ ಸಂಖ್ಯೆ ಏನೇ ಇರಲಿ, ಗುಣಲಬ್ಧವೂ ಭಾಗವಾಗಲೇಬೇಕು. ಆದರೆ ನನಗೆ ಸಿಕ್ಕದ್ದು 63 ಮತ್ತು 75! ವ್ಯತ್ಯಾಸ 12.

ಗಿನ್ನೆಸ್ ದಾಖಲೆಯಲ್ಲೇ ತಪ್ಪು ಹಿಡಿದೆ ಎಂದು ಅರೆಗಳಿಗೆ ಹಿಗ್ಗಿದ್ದು ಸುಳ್ಳಲ್ಲ. ತಂಗಿ ಮೊಬೈಲ್ ನೋಡಿಕೊಂಡು ಒಂದೊಂದೇ ಅಂಕಿ ಓದತೊಡಗಿದಳು. ‘668, 177...’ ನನ್ನ ನೋಟ್‌ಬುಕ್ಕಿನಲ್ಲಿ 717 ಇತ್ತು. ತಿದ್ದಿದೆ: 69, 69.

ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ. ಆದ್ದರಿಂದ 9ಕ್ಕೆ ಆ ತಪ್ಪು ಕಾಣುವುದೇ ಇಲ್ಲ. ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಜಾಗ ಬದಲಿಸಿದರೆ 11 ತಪ್ಪದೆ ಹಿಡಿಯುತ್ತದೆ. (ನಡುವೆ ಒಂದು ಅಂಕಿ ಬಿಟ್ಟು ಬದಲಾದರೆ ಎರಡೂ ಮೋಸ ಹೋಗುತ್ತವೆ!) ಬರೆಯುವಾಗ ಕೈ ತಪ್ಪುವುದು ಬಹಳ ಸಲ ಅಕ್ಕಪಕ್ಕದಲ್ಲೇ. ಆಧಾರ್ ಸಂಖ್ಯೆಯ 12ನೇ ಅಂಕಿಯೂ ಇಂಥ ತಪ್ಪು ಹಿಡಿಯಲೆಂದೇ ಇದೆ. ಅಲ್ಲಿ ಬಳಸಿರುವುದು ವೆರ್ಹೋಫ್ ಎಂಬ ಇನ್ನೊಂದು ವಿಧಾನ.

ಅಂದು ರಾತ್ರಿ ಹಳೆಯ ಅಣಕು ಪರೀಕ್ಷೆಯ ಹಾಳೆ ತೆಗೆದೆ. 347 × 26 ಎಷ್ಟು? ಅಂಕಿಗಳ ಮೊತ್ತದ ಉಪಾಯ ನೆಚ್ಚಿಕೊಂಡು, ಹೊಂದಿದ ಮೊದಲ ಆಯ್ಕೆಗೇ ಗುರುತು ಹಾಕಿದ್ದೆ: 9202. ಅದರ ಕೆಳಗೇ 9022 ಇತ್ತು. ಎರಡರ ಮೊತ್ತವೂ 13. ಪ್ರಶ್ನೆ ತೆಗೆದವರಿಗೆ ನಮ್ಮ ಉಪಾಯ ಮೊದಲೇ ಗೊತ್ತಿತ್ತು. 11ರಿಂದ ನೋಡಿದೆ. 347ರ ಶೇಷ 6, 26ರದು 4; ಗುಣಿಸಿದರೆ 24, ಶೇಷ 2. 9022ರ ಶೇಷ 2. ನಾನು ಗುರುತು ಹಾಕಿದ್ದರ ಶೇಷ 6.