ಹೆಚ್ಚು ಕಟ್ಟಿದ ಸುಂಕ ಯಾರ ಹಣ?

ಪೀಣ್ಯದ ಸಣ್ಣ ಕಾರ್ಖಾನೆಯಿಂದ ಹಿಡಿದು ಪಣಂಬೂರಿನಲ್ಲಿ ಹಡಗಿನ ಸರಕು ಬಿಡಿಸಿಕೊಳ್ಳುವ ವ್ಯಾಪಾರಿಯವರೆಗೆ, ಕಸ್ಟಮ್ಸ್ ರೀಫಂಡ್ ಎಂದರೆ ಪ್ರತಿಯೊಬ್ಬರ ಬಳಿಯೂ ಒಂದು ಕೇಳಿದ ಮಾತು ಇರುತ್ತದೆ. ಬ್ರೋಕರ್ ಹೇಳಿದ್ದು, ಆಡಿಟರ್ ಆಫೀಸಿನಲ್ಲಿ ಕಿವಿಗೆ ಬಿದ್ದದ್ದು, ಪಕ್ಕದ ಶೆಡ್ಡಿನವರಿಗೆ ಆದದ್ದು. ಇವುಗಳಲ್ಲಿ ಹಲವನ್ನು ನಾವೂ ನಂಬಿದವರೇ. ಹೆಚ್ಚಿನವು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಅರ್ಧ ನಿಜವನ್ನು ನೆಚ್ಚಿಕೊಂಡು ಅರ್ಜಿ ಹಾಕಿ, ವರ್ಷಗಟ್ಟಲೆ ಮೇಲ್ಮನವಿ ಸುತ್ತಿ, ಕೊನೆಗೆ ಹಣ ಬೇರೆ ಕಡೆ ಹೋಯಿತೆಂದು ಕೊರಗುವವರು ಇಂದಿಗೂ ಇದ್ದಾರೆ.

ತಪ್ಪು ಕಲ್ಪನೆ: ಕಸ್ಟಮ್ಸಿಗೆ ಹಣ ಕಟ್ಟಿದ್ದು ಆಮದುದಾರ. ಹೆಚ್ಚು ಕಟ್ಟಿದ್ದು ರುಜುವಾತಾದರೆ ಅದು ಅವನಿಗೇ ಬರಬೇಕು, ಬೇರೆ ಪ್ರಶ್ನೆ ಕೇಳುವ ಹಕ್ಕು ಸರ್ಕಾರಕ್ಕಿಲ್ಲ.

ವಾಸ್ತವ: ಒಂದು ಕಾಲದಲ್ಲಿ ಕಾನೂನು ಹೆಚ್ಚುಕಡಿಮೆ ಹೀಗೇ ಇತ್ತು. 1958ರಲ್ಲಿ ಕನ್ಹೈಯಾಲಾಲ್ ಮುಕುಂದ್‌ಲಾಲ್ ಸರಾಫ್ ಎಂಬ ಬನಾರಸಿನ ಸಂಸ್ಥೆಯ ಮಾರಾಟ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾನೂನನ್ನು ತಪ್ಪಾಗಿ ತಿಳಿದು ಕಟ್ಟಿದ ತೆರಿಗೆಯನ್ನು ವಾಪಸ್ ಕೊಡಲೇಬೇಕು ಎಂದಿತ್ತು. ಆದರೆ 1991ರ ಸೆಪ್ಟೆಂಬರ್ 20ರಿಂದ ಸೀಮಾ ಸುಂಕ (ಕಸ್ಟಮ್ಸ್) ಕಾಯ್ದೆಯ 27ನೇ ಸೆಕ್ಷನ್ ಬದಲಾಯಿತು. ಸುಂಕದ ಹೊರೆಯನ್ನು ಖರೀದಿದಾರನ ಮೇಲೆ ದಾಟಿಸಿಲ್ಲ ಎಂದು ತೋರಿಸಿದವನಿಗೆ ಮಾತ್ರ ರೀಫಂಡ್. ದಾಟಿಸಿದ್ದರೆ ಆ ಹಣ ಗ್ರಾಹಕ ಕಲ್ಯಾಣ ನಿಧಿಗೆ. ಇದನ್ನು ಪ್ರಶ್ನಿಸಿದ ನೂರಾರು ಅರ್ಜಿಗಳು ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂದವು. 1996ರ ಡಿಸೆಂಬರ್ 19ರಂದು ಮಫತ್‌ಲಾಲ್ ಇಂಡಸ್ಟ್ರೀಸ್ ತೀರ್ಪಿನಲ್ಲಿ ಬಹುಮತ ಈ ಬದಲಾವಣೆಯನ್ನು ಎತ್ತಿ ಹಿಡಿಯಿತು. ಅನ್ಯಾಯದ ಲಾಭ ತಡೆಯುವ ನಿಯಮ ಎನ್ನುವುದು ಇದನ್ನೇ.

ಒಂದು ವಠಾರದ ಮಾಲೀಕರು ಜಲಮಂಡಳಿಗೆ ನೀರಿನ ಬಿಲ್ ಕಟ್ಟುತ್ತಾರೆ, ಅದನ್ನು ಮನೆಮನೆಗೂ ಹಂಚಿ ಬಾಡಿಗೆದಾರರಿಂದ ವಸೂಲು ಮಾಡುತ್ತಾರೆ ಎನ್ನೋಣ. ಬಿಲ್ ತಪ್ಪಾಗಿತ್ತೆಂದು ಮಂಡಳಿ ಹಣ ವಾಪಸ್ ಕೊಟ್ಟರೆ, ರಸೀದಿ ತಮ್ಮ ಹೆಸರಿನಲ್ಲಿದೆ ಎಂದು ಮಾಲೀಕರು ಅದನ್ನು ಇಟ್ಟುಕೊಳ್ಳುವುದು ಸರಿಯೇ? ಈ ಪ್ರಶ್ನೆಗೆ ಉತ್ತರ ಕೊಡಲು ವಕೀಲರು ಬೇಕಿಲ್ಲ.

ಆಮದು ಸರಕಿನಲ್ಲಿ ಇದು ಹೇಗೆ ನಡೆಯುತ್ತದೆಂದು ಲೆಕ್ಕದ ಹಾಳೆಯಲ್ಲೇ ನೋಡಬಹುದು. 10 ಲಕ್ಷ ರೂಪಾಯಿ ಬೆಲೆಯ ಬೇರಿಂಗ್ ಬಂತು. ಶೇ 7.5ರ ಬದಲು ಶೇ 10 ಮೂಲ ಸುಂಕ ಕಟ್ಟಿದರು. ಬೇರೆ ತೆರಿಗೆಗಳನ್ನು ಪಕ್ಕಕ್ಕಿಟ್ಟರೆ ಹೆಚ್ಚು ಹೋದದ್ದು 25,000. ಮಾರುವ ಬೆಲೆ ಕಟ್ಟುವಾಗ ಅಂಗಡಿಯವರು ಏನು ಬರೆದುಕೊಳ್ಳುತ್ತಾರೆ? ಸರಕಿನ ಬೆಲೆ, ಅದರ ಕೆಳಗೆ ಸುಂಕ 1 ಲಕ್ಷ, ಬ್ರೋಕರ್ ಕಮಿಷನ್, ಲಾರಿ ಬಾಡಿಗೆ. ಎಲ್ಲವನ್ನೂ ಕೂಡಿಸಿ, ಮೇಲೆ ತಮ್ಮ ಲಾಭ. ಆ 25,000 ಸುಂಕದ ಸಾಲಿನೊಳಗೇ ಕೂತಿದೆ. ಅದರ ಮೇಲೂ ಲಾಭದ ಶೇಕಡಾ ಬಿದ್ದಿದೆ. ಬೇರಿಂಗ್ ಕೊಂಡವನು ಅದನ್ನು ಕೊಟ್ಟಾಗಿದೆ. ಈಗ ಕಸ್ಟಮ್ಸಿನಿಂದಲೂ ಬಂದರೆ ಒಂದೇ ಹಣ ಎರಡು ಸಲ ಕೈಸೇರುತ್ತದೆ.

ತಪ್ಪು ಕಲ್ಪನೆ: ಹೊರೆ ದಾಟಿಸಿದ್ದೇವೆ ಎಂದು ತೋರಿಸಬೇಕಾದದ್ದು ಇಲಾಖೆ. ಅವರ ಬಳಿ ಸಾಕ್ಷ್ಯ ಇಲ್ಲದಿದ್ದರೆ ನಾವು ಗೆದ್ದಂತೆ.

ವಾಸ್ತವ: ಕಾಯ್ದೆಯ 28ಡಿ ಸೆಕ್ಷನ್ ಇದನ್ನು ತಿರುಗಿಸಿಟ್ಟಿದೆ. ಸುಂಕ ಕಟ್ಟಿದವನು ಅದರ ಪೂರ್ತಿ ಹೊರೆಯನ್ನು ಖರೀದಿದಾರನ ಮೇಲೆ ಹಾಕಿದ್ದಾನೆ ಎಂದೇ ಭಾವಿಸಲಾಗುತ್ತದೆ. ಹಾಗಲ್ಲ ಎಂದು ಸಾಧಿಸುವ ಕೆಲಸ ಅರ್ಜಿದಾರನದು. ಇದು ಕಠಿಣ ಎನ್ನುವುದನ್ನು ಒಪ್ಪುತ್ತೇವೆ. ಆದರೂ ಬೆಲೆ ಹೇಗೆ ಕಟ್ಟಿದೆ ಎಂಬ ಲೆಕ್ಕ ಇರುವುದು ವ್ಯಾಪಾರಿಯ ಕೈಯಲ್ಲಿ, ಅಧಿಕಾರಿಯ ಕೈಯಲ್ಲಲ್ಲ. ಲೆಕ್ಕ ಯಾರ ಹತ್ತಿರ ಇದೆಯೋ ಅವರೇ ತೋರಿಸಬೇಕೆನ್ನುವುದು ಅನ್ಯಾಯವಲ್ಲ.

ತಪ್ಪು ಕಲ್ಪನೆ: ಸುಂಕ ಹೆಚ್ಚಾದರೂ ನಾವು ಮಾರುವ ಬೆಲೆ ಏರಿಸಿಲ್ಲ. ಅಷ್ಟು ಸಾಕು.

ವಾಸ್ತವ: ಹಲವು ಅರ್ಜಿಗಳು ಎಡವುವುದು ಇಲ್ಲೇ. ಅಲೈಡ್ ಫೋಟೋಗ್ರಾಫಿಕ್ಸ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್, ಬೆಲೆ ಹಿಂದೆಯೂ ಮುಂದೆಯೂ ಒಂದೇ ಇತ್ತೆಂದ ಮಾತ್ರಕ್ಕೆ ಹೊರೆ ದಾಟಿಲ್ಲ ಎಂದು ತೀರ್ಮಾನಿಸಲಾಗದು ಎಂದು ಹೇಳಿತು. ಕಾರಣ ಸರಳ. ಅದೇ ವೇಳೆ ಡಾಲರ್ ಇಳಿದಿರಬಹುದು, ಹೊರದೇಶದ ಸರಬರಾಜುದಾರ ರಿಯಾಯಿತಿ ಕೊಟ್ಟಿರಬಹುದು, ಸಾಗಣೆ ಅಗ್ಗವಾಗಿರಬಹುದು. ಇಳಿಯಬೇಕಿದ್ದ ಬೆಲೆ ಇಳಿಯದೆ ನಿಂತಿದ್ದರೆ ಸುಂಕ ಅದರೊಳಗೆ ಸೇರಿಕೊಂಡಿದೆ ಎಂದೇ ಅರ್ಥ. ನಷ್ಟಕ್ಕೆ ಮಾರಿದೆವು ಎನ್ನುವುದಕ್ಕೂ ಇದೇ ಉತ್ತರ: ನಷ್ಟದ ಬೆಲೆಯಲ್ಲಿಯೂ ಸುಂಕದ ಭಾಗ ಇರಬಹುದು.

ತಪ್ಪು ಕಲ್ಪನೆ: ಸಿಎ ಸರ್ಟಿಫಿಕೇಟ್ ಒಂದು ಲಗತ್ತಿಸಿದರೆ ಉಳಿದದ್ದು ತಾನಾಗಿ ಆಗುತ್ತದೆ.

ವಾಸ್ತವ: ಸರ್ಟಿಫಿಕೇಟ್ ಬೇಕು. ಆದರೆ ಅದರ ಹಿಂದೆ ಪುಸ್ತಕ ನಿಂತಿರಬೇಕು. ಅಧಿಕಾರಿ ಮೊದಲು ತೆರೆಯುವುದು ಬ್ಯಾಲೆನ್ಸ್ ಶೀಟನ್ನು. ವಿವಾದದ ಮೊತ್ತ ಅಲ್ಲಿ ಕಸ್ಟಮ್ಸಿನಿಂದ ಬರಬೇಕಾದ ಬಾಕಿ ಎಂದು ಆಸ್ತಿಯ ಕಡೆ ಕೂತಿದೆಯೇ, ಇಲ್ಲ ಲಾಭ-ನಷ್ಟದ ಖಾತೆಯಲ್ಲಿ ಖರ್ಚಾಗಿ ಬಿದ್ದಿದೆಯೇ? ಖರ್ಚಿಗೆ ಬರೆದಿದ್ದರೆ ಅದು ಸರಕಿನ ವೆಚ್ಚದ ಭಾಗವಾಗಿ ಬೆಲೆಗೆ ಸೇರಿದೆ ಎನ್ನುವ ಊಹೆ ಬಲವಾಗುತ್ತದೆ. ಸರ್ಟಿಫಿಕೇಟ್ ಒಂದು ಹೇಳಿ ಲೆಡ್ಜರ್ ಇನ್ನೊಂದು ಹೇಳಿದರೆ ನಿಲ್ಲುವುದು ಲೆಡ್ಜರ್. ಹಣ ಕಟ್ಟಿದ ವರ್ಷವೇ ಸರಿಯಾದ ತಲೆಬರಹದಡಿ ಬರೆದಿಟ್ಟ ಒಂದು ಸಾಲು, ಐದು ವರ್ಷದ ನಂತರ ಬರೆಸಿದ ಹತ್ತು ಪುಟದ ವಿವರಣೆಗಿಂತ ಹೆಚ್ಚು ತೂಗುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ ಎನ್ನುವುದೇ ನಮ್ಮ ಬೇಸರ.

ತಪ್ಪು ಕಲ್ಪನೆ: ತಂದ ಸರಕನ್ನು ಮಾರಲೇ ಇಲ್ಲ, ನಮ್ಮ ಕಾರ್ಖಾನೆಯಲ್ಲೇ ಬಳಸಿದೆವು. ಖರೀದಿದಾರನೇ ಇಲ್ಲದ ಮೇಲೆ ಹೊರೆ ದಾಟುವುದೆಲ್ಲಿಗೆ?

ವಾಸ್ತವ: ಬಾಂಬೆ ಹೈಕೋರ್ಟಿಗೂ ಈ ವಾದ ಒಪ್ಪಿಗೆಯಾಗಿತ್ತು, ಆದ್ದರಿಂದ ನಂಬಿದವರನ್ನು ದೂರುವಂತಿಲ್ಲ. ಸೋಲಾರ್ ಪೆಸ್ಟಿಸೈಡ್ಸ್ ಎಂಬ ಕಂಪನಿ ತಾಮ್ರದ ಗುಜರಿ ತರಿಸಿ, ಅದರಿಂದ ಕಾಪರ್ ಆಕ್ಸಿಕ್ಲೋರೈಡ್ ತಯಾರಿಸುತ್ತಿತ್ತು. ನಮ್ಮ ತೋಟಗಳಲ್ಲಿ ಶಿಲೀಂಧ್ರ ರೋಗಕ್ಕೆ ಹೊಡೆಯುವ ಔಷಧ ಅದು. 2000ದಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಗುಜರಿ ಮಾರದಿದ್ದರೂ ಅದರಿಂದಾದ ಔಷಧವನ್ನು ಮಾರಿದ್ದಾರೆ. ಕಚ್ಚಾ ಮಾಲಿನ ಸುಂಕ ಔಷಧದ ಬೆಲೆಯೊಳಗೆ ಹೋಗಿದ್ದರೆ ಹೊರೆ ದಾಟಿದೆ. ಔಷಧ ಕೊಂಡ ರೈತ ಕಸ್ಟಮ್ಸ್ ಆಫೀಸಿನ ಮುಖವನ್ನೇ ನೋಡಿರುವುದಿಲ್ಲ, ಆದರೂ ಸುಂಕ ತೆತ್ತವನು ಅವನೇ.

ತಪ್ಪು ಕಲ್ಪನೆ: ಪ್ರತಿಭಟನೆ ಸಹಿತ ಪಾವತಿ ಎಂದು ಚಲನ್ ಮೇಲೆ ಬರೆದರೆ ಎಲ್ಲ ಹಕ್ಕೂ ಭದ್ರ.

ವಾಸ್ತವ: ಭದ್ರವಾಗುವುದು ಕಾಲಮಿತಿ ಒಂದೇ. ಸಾಮಾನ್ಯವಾಗಿ ಸುಂಕ ಕಟ್ಟಿದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಪ್ರತಿಭಟನೆಯಡಿ ಕಟ್ಟಿದ್ದರೆ ಆ ಗಡುವು ಅನ್ವಯಿಸದು. ಹೊರೆಯ ಪ್ರಶ್ನೆ ಹಾಗೇ ಉಳಿಯುತ್ತದೆ.

ತಪ್ಪು ಕಲ್ಪನೆ: ಸುಂಕದ ನಿಯಮವನ್ನೇ ಬೇರೊಬ್ಬರು ಕೋರ್ಟಿನಲ್ಲಿ ಸೋಲಿಸಿದ್ದಾರೆ. ಆ ತೀರ್ಪಿನ ಪ್ರತಿ ಹಿಡಿದು ಹೋದರೆ ನಮಗೂ ಸಿಗುತ್ತದೆ.

ವಾಸ್ತವ: ಮಫತ್‌ಲಾಲ್ ತೀರ್ಪು ಈ ದಾರಿಯನ್ನು ಮುಚ್ಚಿದೆ. ತನ್ನ ಮೇಲಿನ ಸುಂಕ ನಿರ್ಧಾರವನ್ನು ಪ್ರಶ್ನಿಸದೆ ಸುಮ್ಮನಿದ್ದವನು, ಇನ್ನೊಬ್ಬನ ಗೆಲುವನ್ನು ತೋರಿಸಿ ಹಳೆಯ ಕಡತ ತೆರೆಸುವಂತಿಲ್ಲ. ಸಂವಿಧಾನಬಾಹಿರ ಎಂದು ರದ್ದಾದ ಸುಂಕಕ್ಕೆ ದಾವೆಯ ಅಥವಾ ರಿಟ್‌ನ ಬೇರೆ ದಾರಿ ಇದೆ, ಆದರೆ ಹೊರೆ ತಾನೇ ಹೊತ್ತದ್ದೆಂದು ಅಲ್ಲಿಯೂ ತೋರಿಸಬೇಕು. ಇದರ ಜೊತೆಗೆ ಸುಪ್ರೀಂ ಕೋರ್ಟಿನ 2019ರ ಸೆಪ್ಟೆಂಬರ್ 18ರ ಐಟಿಸಿ ತೀರ್ಪನ್ನೂ ಸೇರಿಸಿ ಓದಬೇಕು. ಸರಕು ಬಿಡಿಸಿಕೊಳ್ಳಲು ಕಸ್ಟಮ್ಸಿಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ನಾವೇ ಲೆಕ್ಕ ಹಾಕಿ ಕಟ್ಟಿದ ಸುಂಕವೂ ಕಾನೂನಿನ ಕಣ್ಣಿನಲ್ಲಿ ಒಂದು ಆದೇಶ. ಮೇಲ್ಮನವಿಯಿಂದಲೋ ತಿದ್ದುಪಡಿಯಿಂದಲೋ ಅದು ಬದಲಾಗುವವರೆಗೆ ರೀಫಂಡ್ ಅರ್ಜಿ ನಿಲ್ಲುವುದಿಲ್ಲ. ಕಮಿಷನರ್ ಮುಂದೆ ಮೇಲ್ಮನವಿಗೆ 60 ದಿನ. ಒಂದು ವರ್ಷ ಸಮಯವಿದೆ ಎಂದು ಕೂತವರಿಗೆ ಈ 60 ದಿನ ಕಳೆದದ್ದೇ ಗೊತ್ತಾಗುವುದಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ಕಸ್ಟಮ್ಸಿಗೆ ಹೋದ ಯಾವ ಹಣವೂ ಸುಲಭವಾಗಿ ವಾಪಸ್ ಬರದು.

ವಾಸ್ತವ: ಹೆದರಿಕೆ ಈ ತುದಿಗೂ ಹೋಗಬಾರದು. ಸ್ವಂತ ಬಳಕೆಗೆ ವಸ್ತು ತರಿಸಿಕೊಂಡ ವ್ಯಕ್ತಿಗೆ ಹೊರೆಯ ಪ್ರಶ್ನೆಯೇ ಇಲ್ಲ ಎಂದು ಕಾಯ್ದೆ ನೇರವಾಗಿ ಹೇಳಿದೆ. ರಫ್ತು ಮಾಡಿದವರಿಗೆ ಸುಂಕ ಮರಳಿಸುವ ಡ್ರಾಬ್ಯಾಕ್‌ಗೂ ಇಲ್ಲ. ಸರಕು ಬಿಡುಗಡೆಯ ಆದೇಶಕ್ಕೆ ಮೊದಲೇ ಹೆಚ್ಚು ಕಟ್ಟಿದ್ದು ಬಿಲ್ ಆಫ್ ಎಂಟ್ರಿಯಲ್ಲೇ ಎದ್ದು ಕಂಡರೆ ಅದಕ್ಕೂ ಇಲ್ಲ. ಮೇಲ್ಮನವಿ ಹಾಕಲು ಮೊದಲೇ ಇಡುವ ಶೇ 7.5ರ ಅಥವಾ ಶೇ 10ರ ಠೇವಣಿ ಸುಂಕವಲ್ಲ. ಗೆದ್ದರೆ ಅದು ಕಟ್ಟಿದ ದಿನದಿಂದಲೇ ಬಡ್ಡಿ ಸಮೇತ ಬರುತ್ತದೆ. ಬ್ಯಾಂಕ್ ಗ್ಯಾರಂಟಿ ಕೊಡುವುದು ಸುಂಕ ಕಟ್ಟಿದಂತಲ್ಲ ಎಂದು ಓಸ್ವಾಲ್ ಆಗ್ರೊ ಮಿಲ್ಸ್ ಪ್ರಕರಣದಲ್ಲಿ 1994ರಲ್ಲೇ ತೀರ್ಮಾನವಾಗಿದೆ, ಆದ್ದರಿಂದ ಅಲ್ಲಿಯೂ ಹೊರೆಯ ಪ್ರಶ್ನೆ ಬರದು.

ಬಡ್ಡಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಸುಂಕದ ರೀಫಂಡ್‌ಗೆ ಬಡ್ಡಿ ಶುರುವಾಗುವುದು ಹಣ ಕಟ್ಟಿದ ದಿನದಿಂದ ಅಲ್ಲ, ಅರ್ಜಿ ತಲುಪಿ ಮೂರು ತಿಂಗಳು ಕಳೆದ ಮೇಲೆ. ದರ ವರ್ಷಕ್ಕೆ ಶೇ 6. ಅರ್ಜಿ ತಡಮಾಡಿದಷ್ಟೂ ನಷ್ಟ ನಮ್ಮದೇ.

ತಪ್ಪು ಕಲ್ಪನೆ: ಕಸ್ಟಮ್ಸ್ ರೀಫಂಡ್ ಮಂಜೂರಾಗಿದೆ, ಸ್ವಲ್ಪ ಶುಲ್ಕ ಕಟ್ಟಿದರೆ ಖಾತೆಗೆ ಬೀಳುತ್ತದೆ ಎಂಬ ಕರೆ ನಿಜವಿರಬಹುದು.

ವಾಸ್ತವ: ನಿಜವಲ್ಲ. ರೀಫಂಡ್ ಬಿಡುಗಡೆಗೆ ಯಾರದೋ ಖಾತೆಗೆ ಯುಪಿಐ ಮೂಲಕ ಹಣ ಕಳಿಸುವ ಪದ್ಧತಿ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. 2019ರ ನವೆಂಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಹಾಕುವ ವ್ಯವಸ್ಥೆ ಬಂದಿದೆ. ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ತಾಳೆ ನೋಡಬಹುದು.

ತಪ್ಪು ಕಲ್ಪನೆ: ಗ್ರಾಹಕರ ಹೆಸರು ಹೇಳಿ ಹಣವನ್ನು ಸರ್ಕಾರವೇ ನುಂಗುತ್ತದೆ. ಕೊನೆಯ ಖರೀದಿದಾರನಿಗೆ ಇದರಲ್ಲಿ ಯಾವ ಪಾಲೂ ಇಲ್ಲ.

ವಾಸ್ತವ: ಈ ಆಕ್ಷೇಪಕ್ಕೆ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಇದರ ಹಿಂದಿನ ನೋವು ನಿಜವಾದದ್ದು. ಗ್ರಾಹಕ ಕಲ್ಯಾಣ ನಿಧಿಗೆ 1992ರಿಂದ ನಿಯಮಗಳಿವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅದನ್ನು ನೋಡಿಕೊಳ್ಳುತ್ತದೆ, ಗ್ರಾಹಕ ಜಾಗೃತಿಯಂಥ ಕೆಲಸಗಳಿಗೆ ಬಳಸುತ್ತದೆ. ಆದರೆ ಅಂದು ಬೇರಿಂಗ್ ಕೊಂಡವನ ಕೈಗೆ ಆ 25,000 ಮರಳುವುದಿಲ್ಲ. ಅನ್ಯಾಯದ ಲಾಭದ ತತ್ವ ಪ್ರಭುತ್ವಕ್ಕೆ ಅನ್ವಯಿಸದು, ಪ್ರಭುತ್ವ ಜನರನ್ನೇ ಪ್ರತಿನಿಧಿಸುತ್ತದೆ ಎಂದು ಮಫತ್‌ಲಾಲ್ ತೀರ್ಪು ಹೇಳಿದೆ. ವ್ಯಾಪಾರಿಗೆ ಎರಡು ಸಲ ಹಣ ಸಿಗಬಾರದು ಎನ್ನುವುದನ್ನು ನಾವು ಮನಸಾರೆ ಒಪ್ಪುತ್ತೇವೆ. ತಪ್ಪಾಗಿ ವಸೂಲು ಮಾಡಿದವರಿಗೆ ಅದರಿಂದ ಯಾವ ಬಿಸಿಯೂ ತಟ್ಟುವುದಿಲ್ಲ ಎನ್ನುವುದನ್ನು ಅಷ್ಟು ಸುಲಭವಾಗಿ ಒಪ್ಪಲು ನಮಗಾಗದು.

ಇನ್ನೊಂದು ಕಡೆ, ಖರೀದಿದಾರನಿಗೆ ಪಾಲೇ ಇಲ್ಲ ಎನ್ನುವುದೂ ತಪ್ಪು. ಹೊರೆ ಹೊತ್ತ ಖರೀದಿದಾರ ಅದನ್ನು ಮುಂದಿನವನಿಗೆ ದಾಟಿಸದಿದ್ದರೆ, 27ನೇ ಸೆಕ್ಷನ್‌ನಡಿ ತಾನೇ ಅರ್ಜಿ ಹಾಕಬಹುದು. ಅವನ ಒಂದು ವರ್ಷ ಎಣಿಕೆಯಾಗುವುದು ಸರಕು ಕೊಂಡ ದಿನದಿಂದ. ನಡುವಿನ ವ್ಯಾಪಾರಿಗೆ ಕ್ರೆಡಿಟ್ ನೋಟ್ ಕೊಟ್ಟುಬಿಟ್ಟರೆ ಸಾಲದು, ಕೊನೆಗೆ ಹೊತ್ತವರು ಯಾರೆಂದು ನೋಡಲೇಬೇಕು ಎಂದು ಸುಪ್ರೀಂ ಕೋರ್ಟಿನ 2016ರ ಅಡಿಸನ್ ತೀರ್ಪು ಅಬಕಾರಿ ಸುಂಕದ ಪ್ರಕರಣದಲ್ಲಿ ಹೇಳಿದೆ. ತಡೆ ಇರುವುದು ಬಿಲ್ಲಿನಲ್ಲಿ. ಬೆಲೆಯಲ್ಲಿ ಸುಂಕ ಎಷ್ಟು ಸೇರಿದೆ ಎಂದು ಮಾರಾಟದ ಇನ್‌ವಾಯ್ಸ್‌ನಲ್ಲಿ ಎದ್ದು ಕಾಣುವಂತೆ ಬರೆಯಬೇಕೆಂದು 28ಸಿ ಸೆಕ್ಷನ್ ಹೇಳುತ್ತದೆ. ನಮ್ಮ ಕೈಗೆ ಬರುವ ಹೆಚ್ಚಿನ ಬಿಲ್ಲುಗಳಲ್ಲಿ ಆ ಸಾಲು ಇರುವುದಿಲ್ಲ, ನಾವೂ ಕೇಳುವುದಿಲ್ಲ. ಆಮದಾದ ಯಂತ್ರವನ್ನೋ ಬಿಡಿಭಾಗವನ್ನೋ ಸ್ವಂತ ಕಾರ್ಖಾನೆಗೆ, ಆಸ್ಪತ್ರೆಗೆ, ಶಾಲೆಯ ಪ್ರಯೋಗಾಲಯಕ್ಕೆ ಕೊಳ್ಳುವವರು ಹಣ ಕೊಡುವ ದಿನವೇ ಆ ಸಾಲನ್ನೂ ಬಿಲ್ ಆಫ್ ಎಂಟ್ರಿಯ ಒಂದು ಪ್ರತಿಯನ್ನೂ ಕೇಳಿ ಪಡೆಯಲಿ. ಮುಂದೆ ಆ ಸುಂಕ ತಪ್ಪೆಂದು ತೀರ್ಮಾನವಾದರೆ ಅರ್ಜಿಗೆ ಲಗತ್ತಿಸಬೇಕಾಗುವುದು ಆ ಎರಡು ಕಾಗದಗಳನ್ನೇ.